ತೊಗಲ ಚೀಲದ ಚರಿತ್ರೆಯೂ ಶರಣರ ಕಾಯಕವೂ

ಈ ಸ್ಮರಣ ಸಂಪುಟಕ್ಕಾಗಿ ಶ್ರೀಮಠದ ಗುರುಪರಂಪರೆಯನ್ನು ಕುರಿತು ಲೇಖನವೊಂದನ್ನು ಬರೆಯಬೇಕೆಂದು ಸಂಪಾದಕ ಮಂಡಲಿಯವರು ಮೊದಲು ನನಗೆ ಸೂಚಿಸಿದ್ದರು. ಆ ವಿಷಯವನ್ನು ನನಗಿಂತ ಚೆನ್ನಾಗಿ ಬಲ್ಲ ಹಿರಿಯರು ಬರೆದಿರುವರಾದುದರಿಂದಲೂ, ಮಹೋತ್ಸವದ ಸಿದ್ಧತೆಯ ದಿನಗಳಲ್ಲಿ ನಡೆದ ಒಂದು ಸಣ್ಣ ಪ್ರಸಂಗವು ನನ್ನ ಮನಸ್ಸನ್ನು ಕಲಕಿದುದರಿಂದಲೂ, ಬೇರೊಂದು ವಿಷಯವನ್ನು ಎತ್ತಿಕೊಂಡಿದ್ದೇನೆ. ವಾಚಕ ಮಹಾಶಯರು ಕ್ಷಮಿಸಬೇಕು.

ಪ್ರಸಂಗವೇನೆಂದರೆ: ನಮ್ಮ ಮಠದ ಹಳೆಯ ಭಕ್ತಮನೆತನದ ತರುಣನೊಬ್ಬನು ಬೆಂಗಳೂರಿನಲ್ಲಿ ಗಣಕಯಂತ್ರದ ಉದ್ಯೋಗದಲ್ಲಿದ್ದಾನೆ. ಬಿಡುವಿನ ದಿನಗಳಲ್ಲಿ ಕೈಯಿಂದ ತೊಗಲ ಚೀಲಗಳನ್ನೂ ಸಂಚಿಗಳನ್ನೂ ಹೊಲಿಯುವುದು ಅವನ ಹವ್ಯಾಸ. ತಾನು ಹೊಲಿದ ಅಂಗೈಯಗಲದ ಸಂಚಿಯೊಂದರಲ್ಲಿ ಕಾಣಿಕೆಯನ್ನಿಟ್ಟು ಅವನು ಶ್ರೀಗಳವರ ಮುಂದೆ ಸಮರ್ಪಿಸಿದನು. ಸಭೆಯಲ್ಲಿದ್ದ ವೃದ್ಧ ಭಕ್ತರೊಬ್ಬರು ಕೂಡಲೇ, “ಕಾಣಿಕೆಯನ್ನು ತೆಗೆದುಕೊಂಡು ಚೀಲವನ್ನು ಹೊರಗಿಡಿರಿ, ತೊಗಲು ಗದ್ದುಗೆಯ ಸಮೀಪಕ್ಕೆ ಬರತಕ್ಕದ್ದಲ್ಲ” ಎಂದರು. ಆ ಮಾತು ಮುಗಿಯುವುದರೊಳಗಾಗಿ ಹೊರಗೆ ಪೂಜೆಯ ನಗಾರಿ ಮೊಳಗಿತು. ಶ್ರೀಗಳವರು ನಸುನಕ್ಕು ನನ್ನ ಕಡೆಗೆ ತಿರುಗಿ, “ಶಾಸ್ತ್ರಿಗಳೆ, ನಗಾರಿಯ ಮೇಲೆ ಹೊದಿಸಿರುವುದೇನು? ಇದರ ಚರಿತ್ರೆಯನ್ನು ನೀವು ಬರೆದುಕೊಡಿರಿ” ಎಂದು ಅಪ್ಪಣೆ ಕೊಡಿಸಿದರು. ಆ ಅಪ್ಪಣೆಯ ಫಲವೇ ಈ ಲೇಖನ.

ಮೊದಲು ಶಬ್ದಗಳನ್ನು ನೋಡೋಣ. ಒಂದು ವಸ್ತುವು ಒಂದು ಜನಾಂಗದ ಬಾಳಿನಲ್ಲಿ ಎಷ್ಟು ಆಳವಾಗಿ ಬೇರೂರಿದ್ದಿತೆಂಬುದನ್ನು ಆ ವಸ್ತುವಿನ ಹೆಸರುಗಳೇ ಹೇಳುತ್ತವೆ. ಕಮ್ಮಾರನ ಕುಲುಮೆಗೆ ಗಾಳಿಯೂದುವ ತೊಗಲ ಚೀಲವು ತಿದಿ, ಅದೇ ತಿತ್ತಿ. ಎಣ್ಣೆ ತುಪ್ಪಗಳನ್ನು ತುಂಬಿಡುವ ತೊಗಲ ಪಾತ್ರೆಗಳು ಸಿದ್ದಿಗೆ, ಬುದ್ದಲಿ. ಕೋಣದ ಅಥವಾ ಎತ್ತಿನ ಬೆನ್ನಿನ ಮೇಲೆ ನೀರನ್ನು ಹೇರಿ ತರುವ ದೊಡ್ಡ ಚೀಲವು ಪಖಾಲಿ. ವರ್ತಕನು ಹಣವನ್ನು ತುಂಬಿ ನಡುವಿಗೆ ಸುತ್ತಿಕೊಳ್ಳುವ ಉದ್ದನೆಯ ಸಂಚಿಯು ಹಮ್ಮಿಣಿ. ಎಲೆಯಡಕೆಯ ಚೀಲಕ್ಕೆ ಹಡಪವೆಂದು ಹೆಸರು. ಕ್ಷೌರಿಕನು ಕತ್ತಿ ಸಾಣೆಗಳನ್ನಿಟ್ಟುಕೊಳ್ಳುವ ಚೀಲಕ್ಕೂ ಅದೇ ಹೆಸರು. ಬಸವಣ್ಣನವರ ಬಳಿಯಲ್ಲಿದ್ದು ಅವರ ಅಂತರಂಗವನ್ನು ಬಲ್ಲವರಾಗಿದ್ದ ಹಡಪದ ಅಪ್ಪಣ್ಣನವರು ಈ ಚೀಲದಿಂದಲೇ ತಮ್ಮ ಹೆಸರನ್ನು ಪಡೆದವರು. ಅವರ ಹಡಪವು ತೊಗಲಿನದೋ ಬಟ್ಟೆಯದೋ ಎಂದು ವಾದಿಸುವುದು ನನ್ನ ಉದ್ದೇಶವಲ್ಲ. ಒಂದು ಚೀಲವನ್ನು ಹೊರುವುದೇ ಕಾಯಕವಾಗಿ, ಆ ಕಾಯಕದ ಹೆಸರೇ ಶರಣರ ಬಿರುದಾಯಿತೆಂಬುದಷ್ಟು ಇಲ್ಲಿಗೆ ಸಾಕು.

ತೊಗಲು ಚೀಲವಾಗುವುದಕ್ಕೆ ಮೊದಲು ಅದು ಹದವಾಗಬೇಕು. ಈ ಹದದ ಕೆಲಸವನ್ನು ಕಣ್ಣಾರೆ ಕಂಡವರು ಭಕ್ತವೃಂದದಲ್ಲಿ ಈಗ ವಿರಳ. ಆದುದರಿಂದ ಸ್ವಲ್ಪ ವಿಸ್ತರಿಸಿ ಹೇಳುತ್ತೇನೆ. ಸತ್ತ ಎತ್ತು ಎಮ್ಮೆಗಳ ಹಸಿದೊಗಲನ್ನು ನೀರಿನಲ್ಲಿ ನೆನೆಸಿ, ಸುಣ್ಣದ ಗುಂಡಿಯಲ್ಲಿ ಕೆಲವು ದಿನಗಳವರೆಗೆ ಮುಳುಗಿಸಿಡುವರು. ಸುಣ್ಣವು ಕೂದಲಿನ ಬುಡವನ್ನು ಸಡಿಲಿಸುತ್ತದೆ. ಬಳಿಕ ಕೂದಲನ್ನು ಹೆರೆದು, ಒಳಮೈಯ ಮಾಂಸದ ಪೊರೆಯನ್ನು ಕತ್ತಿಯಿಂದ ಸವರಿ ತೆಗೆದು, ಸುಣ್ಣವು ಹೋಗುವಂತೆ ಮತ್ತೆ ಮತ್ತೆ ತೊಳೆಯುವರು. ಅನಂತರ ಜಾಲಿಯ ಚಕ್ಕೆ, ತಂಗಡಿಯ ಚಕ್ಕೆ, ಅಳಲೆಕಾಯಿ ಇವುಗಳಲ್ಲಿ ಆಯಾ ಸೀಮೆಯಲ್ಲಿ ದೊರೆಯುವುದನ್ನು ಕುಟ್ಟಿ ನೀರಿಗೆ ಹಾಕಿ, ಆ ಒಗರು ನೀರಿನಲ್ಲಿ ತೊಗಲನ್ನು ನೆನೆಸುವರು. ಅಲ್ಲಿಂದ ಮುಂದಿನ ಕ್ರಮವೇ ಬಹು ಸ್ವಾರಸ್ಯವಾದುದು. ಅರ್ಧ ಹದವಾದ ತೊಗಲನ್ನೇ ಚೀಲದಂತೆ ಹೊಲಿದು, ಮೂರು ಗಳುಗಳನ್ನು ಕಟ್ಟಿದ ಮುಕ್ಕಾಲಿಗೆ ಅಥವಾ ಮರದ ಕೊಂಬೆಗೆ ತೂಗಹಾಕಿ, ಅದರೊಳಗೆ ಚಕ್ಕೆಯ ಪುಡಿಯನ್ನೂ ನೀರನ್ನೂ ತುಂಬುವರು. ಒಗರು ನೀರು ತೊಗಲಿನ ರಂಧ್ರರಂಧ್ರಗಳಿಂದ ಜಿನುಗಿ ಕೆಳಗಿನ ಬಾನಿಗೆ ತೊಟ್ಟಿಕ್ಕುತ್ತದೆ. ಅದನ್ನೇ ಎತ್ತಿ ಮತ್ತೆ ಮೇಲಿಂದ ಸುರಿಯುವರು. ಕೆಲವು ದಿನಗಳಾದ ಮೇಲೆ ಚೀಲವನ್ನು ತಲೆಕೆಳಗು ಮಾಡಿ, ಬಾಯಿಯನ್ನು ಹೊಲಿದು ತಳವನ್ನು ಬಿಚ್ಚಿ, ಪುನಃ ತುಂಬುವರು. ಹೀಗೆ ತೊಗಲು ಬೇರೊಂದು ವಸ್ತುವಿನ ಸಹಾಯವಿಲ್ಲದೆ ತಾನೇ ಪಾತ್ರೆಯಾಗಿ, ತನ್ನನ್ನು ಹದಗೊಳಿಸುವ ರಸವನ್ನು ತಾನೇ ಹೊತ್ತುಕೊಂಡು, ತನ್ನ ಮೂಲಕವೇ ಅದನ್ನು ಹೊರಬಿಡುತ್ತದೆ. ಚೀಲವಾದ ಬಳಿಕ ತೊಗಲು ಹದವಾಗುವುದೆಂದರೆ ವಿಚಿತ್ರವಾಗಿ ಕೇಳಬಹುದು; ಆದರೆ ನಮ್ಮ ಹಳ್ಳಿಗಳಲ್ಲಿ ನಡೆದುದು ಹಾಗೆಯೆ. ಕಡೆಯಲ್ಲಿ ಎಣ್ಣೆಯನ್ನು ಸವರಿ, ತಿಕ್ಕಿ, ನೆರಳಿನಲ್ಲಿ ಒಣಗಿಸಿದರೆ ತೊಗಲು ಸಿದ್ಧ.

ಬುದ್ದಲಿಯ ಕ್ರಮ ಬೇರೆ. ಅದಕ್ಕೆ ಮಣ್ಣಿನ ಅಚ್ಚು ಬೇಕು. ಒದ್ದೆಯ ತೊಗಲನ್ನು ಅಚ್ಚಿನ ಮೇಲೆ ಬಿಗಿಯಾಗಿ ಹೊದಿಸಿ ಒಣಗಿಸಿದ ಮೇಲೆ, ಒಳಗಿನ ಮಣ್ಣನ್ನು ಒಡೆದು ಬಾಯಿಯಿಂದ ಸುರಿದುಬಿಡುವರು.

ಆದರೆ ತೊಗಲ ಚೀಲಗಳಿಗೆಲ್ಲ ಚಕ್ರವರ್ತಿಯೆಂದರೆ ಕಪಿಲೆಯ ಚೀಲ. ಇದರ ಬಾಯಿಗೆ ಕಬ್ಬಿಣದ ಬಳೆ. ಕೆಳಗೆ ಆನೆಯ ಸೊಂಡಿಲಿನಂತಹ ನಾಳ. ದಪ್ಪ ಹಗ್ಗವು ಮೇಲಿನ ಗಾಲಿಯ ಮೇಲೆ ಹಾಯ್ದು ಚೀಲದ ಬಾಯನ್ನು ಹಿಡಿದಿರುತ್ತದೆ; ಸಣ್ಣ ಹಗ್ಗವು ಕೆಳಗಿನ ಉರುಳೆಯ ಮೇಲೆ ಹಾಯ್ದು ಸೊಂಡಿಲಿನ ತುದಿಯನ್ನು ಮೇಲಕ್ಕೆ ಮಡಿಚಿ ಹಿಡಿದಿರುತ್ತದೆ. ಜೋಡೆತ್ತುಗಳು ಇಳಿಜಾರಿನಲ್ಲಿ ಇಳಿದಂತೆಲ್ಲ ತುಂಬಿದ ಚೀಲವು ಬಾವಿಯಿಂದ ಮೇಲೇರುತ್ತದೆ. ದಂಡೆಗೆ ಬಂದೊಡನೆ ಸೊಂಡಿಲು ತೊಟ್ಟಿಯ ಮೇಲೆ ತಾನಾಗಿ ಚಾಚಿಕೊಂಡು ನೀರೆಲ್ಲವನ್ನೂ ಸುರಿದುಬಿಡುತ್ತದೆ. ಬಾಗಿಸುವುದಕ್ಕೆ ಯಾರ ಕೈಯೂ ಬೇಕಾಗಿಲ್ಲ. ಎರಡು ಹಗ್ಗಗಳ ಅಳತೆಯಲ್ಲಿಯೇ ಯುಕ್ತಿಯೆಲ್ಲ ಅಡಗಿದೆ. ಈ ಚೀಲವನ್ನು ಹೊಲಿಯುವವರೂ, ಹರಿದಾಗ ತೇಪೆ ಹಾಕುವವರೂ, ಅದರೊಡನೆ ಮಿಣಿ ಬಾರುಕೋಲುಗಳನ್ನು ಒದಗಿಸುವವರೂ ಊರ ಆಯಗಾರರಲ್ಲಿ ಸೇರಿದ ತೊಗಲ ಕೆಲಸದವರು. ಸುಗ್ಗಿಯ ಕಾಲದಲ್ಲಿ ಕಣದ ಕಾಳೇ ಅವರ ವೇತನ. ಕೆರೆಯ ನೀರು ಹರಿಯದ ಸೀಮೆಗಳಲ್ಲಿ ಬಾವಿಯ ಬೇಸಾಯವೆಲ್ಲವೂ ಅವರ ಉಳಿಯ ಮೊನೆಯ ಮೇಲೆ ನಿಂತಿದ್ದಿತೆಂದರೆ ಅತಿಶಯೋಕ್ತಿಯಲ್ಲ.

ಇನ್ನು ಶರಣರ ವಿಷಯ. ಮಾದಾರ ಚೆನ್ನಯ್ಯನವರು ಕರಿಕಾಲಚೋಳನ ಕುದುರೆಲಾಯಕ್ಕೆ ಹುಲ್ಲನ್ನು ಹೊತ್ತು ತರುತ್ತ, ಗುಪ್ತಭಕ್ತಿಯಿಂದ ಶಿವನಿಗೆ ಅಂಬಲಿಯನ್ನು ಅರ್ಪಿಸುತ್ತಿದ್ದರೆಂದು ಪುರಾಣಗಳು ಹೇಳುತ್ತವೆ. ಅವರ ಹೆಸರಿನಲ್ಲಿ ದೊರೆತಿರುವ ವಚನಗಳು ಹತ್ತು. ಅವುಗಳ ಅಂಕಿತದಲ್ಲಿ ಕೈಯುಳಿಯೂ ಕತ್ತಿಯೂ ಅಡಿಗೂಟವೂ ಬರುತ್ತವೆ. ದೇವರ ಹೆಸರಿನ ಪಕ್ಕದಲ್ಲಿ ತನ್ನ ಹತ್ಯಾರುಗಳನ್ನು ನಿಲ್ಲಿಸಿದ ಧೈರ್ಯವನ್ನು ವಾಚಕರು ಗಮನಿಸಬೇಕು. ಡೋಹರ ಕಕ್ಕಯ್ಯನವರು ತೊಗಲು ಹದಮಾಡುವ ಕಾಯಕದವರು. ಕಲ್ಯಾಣದ ವಿಪ್ಲವದ ಅನಂತರ ಶರಣರ ದಂಡಿನೊಡನೆ ಹೊರಟು, ಈಗಿನ ಬೆಳಗಾವಿ ಜಿಲ್ಲೆಯ ಕಕ್ಕೇರಿಯಲ್ಲಿ ಲಿಂಗೈಕ್ಯರಾದರೆಂದು ಪ್ರತೀತಿ. ಬಸವಣ್ಣನವರು ತಮ್ಮ ವಚನಗಳಲ್ಲಿ ಚೆನ್ನಯ್ಯ ಕಕ್ಕಯ್ಯರನ್ನು ತಂದೆಯ ಸ್ಥಾನದಲ್ಲಿಟ್ಟು, ತಮ್ಮನ್ನು ಅವರ ಮನೆಯ ಮಗನೆಂದು ಕರೆದುಕೊಂಡಿದ್ದಾರೆ. ಹರಳಯ್ಯ ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ತೊಗಲಿನಿಂದ ಬಸವಣ್ಣನವರಿಗೆ ಪಾದರಕ್ಷೆಗಳನ್ನು ಮಾಡಿದ ಕಥೆಯನ್ನೂ, ಮಧುವರಸರ ಮಗಳನ್ನು ಅವರ ಮಗನಿಗೆ ತಂದುಕೊಂಡುದಕ್ಕಾಗಿ ಬಿಜ್ಜಳನು ಕೊಡಿಸಿದ ಎಳೆಹೂಟೆಯ ಶಿಕ್ಷೆಯ ಕಥೆಯನ್ನೂ ಅರಿಯದ ಭಕ್ತರಿಲ್ಲ, ಇಲ್ಲಿ ವಿಸ್ತರಿಸೆನು.

ಆದರೆ ಮಾದಾರ ಧೂಳಯ್ಯನವರ ಬಳಿ ಸ್ವಲ್ಪ ಹೊತ್ತು ನಿಲ್ಲಲೇಬೇಕು. ಕಾಮಧೂಮ ಧೂಳೇಶ್ವರ ಎಂಬುದು ಇವರ ಅಂಕಿತ. ದೊರೆತಿರುವ ವಚನಗಳು ನೂರಕ್ಕೂ ಮಿಕ್ಕು. ಅವುಗಳಲ್ಲೊಂದರ ಸಂದರ್ಭ ಹೀಗಿದೆ. ಧೂಳಯ್ಯನವರು ಅಟ್ಟೆಯನ್ನು ಚುಚ್ಚುತ್ತಿರುವಾಗ ಉಳಿಯ ಮೊನೆಯಲ್ಲಿಯೇ ಪರಮೇಶ್ವರನು ಪ್ರತ್ಯಕ್ಷನಾಗುತ್ತಾನೆ. ಬೇರೆ ಯಾರೇ ಆಗಿದ್ದರೂ ಕೆಲಸವನ್ನು ಬಿಟ್ಟು ಅಡ್ಡಬೀಳುತ್ತಿದ್ದರು. ಧೂಳಯ್ಯನವರಾದರೋ, ಕಾಯವೆಂಬ ತಿತ್ತಿಯನ್ನು ಹೊತ್ತು ತಿರುಗುವ ನನ್ನ ಮುಂದೆ ನಿನಗೇನು ಕೆಲಸ, ಮುಕ್ತಿಯನ್ನು ಬಯಸುವ ಭಕ್ತರಿರುವಲ್ಲಿಗೆ ಹೋಗು ಎಂಬ ಅರ್ಥ ಬರುವಂತೆ ನುಡಿಯುತ್ತಾರೆ. ವಿದ್ವಾಂಸರು ಈ ವಚನದಲ್ಲಿ ಕಾಯಕನಿಷ್ಠೆಯ ಪರಾಕಾಷ್ಠೆಯನ್ನು ಕಂಡಿದ್ದಾರೆ, ಅದು ಸರಿಯೇ. ನನ್ನ ದೃಷ್ಟಿ ಮಾತ್ರ ತಿತ್ತಿ ಎಂಬ ಒಂದು ಶಬ್ದದ ಮೇಲೆ ನಿಂತಿದೆ. ದೇಹವನ್ನು ತೊಗಲ ಚೀಲವೆಂದು ಹಳಿದ ವೈರಾಗ್ಯದ ಮಾತುಗಳು ನಮ್ಮ ದೇಶದಲ್ಲಿ ಹೇರಳವಾಗಿವೆ. ಆದರೆ ಹಾಗೆ ಹಳಿದವರಲ್ಲಿ ಹೆಚ್ಚಿನವರು ಒಂದು ಚೀಲವನ್ನಾದರೂ ಹೊಲಿದವರಲ್ಲ. ಧೂಳಯ್ಯನವರು ತೊಗಲಿನ ನಡುವೆಯೇ ಬಾಳಿದವರು. ತೊಗಲು ಹೇಗೆ ನಾರುತ್ತದೆ, ಹೇಗೆ ಹದವಾಗುತ್ತದೆ, ಒಗರನ್ನು ಉಂಡು ಹೇಗೆ ಗಟ್ಟಿಯಾಗುತ್ತದೆ ಎಂಬುದನ್ನು ಅವರ ಬೆರಳುಗಳು ಬಲ್ಲವು. ಅವರ ಬಾಯಲ್ಲಿ ತಿತ್ತಿ ಎಂಬುದು ಬರಿಯ ಬೈಗಳಾಗಲಾರದೆಂದು ನನ್ನ ಅಭಿಪ್ರಾಯ.

ಈ ಶರಣರ ಆರಾಧ್ಯದೈವವೂ ತೊಗಲಿಗೆ ಹೇಸಿದವನಲ್ಲ. ಕೃತ್ತಿವಾಸನೆಂದು ಶಿವನಿಗೆ ಹೆಸರು. ಗಜಚರ್ಮವೇ ಅವನ ಹೊದಿಕೆ. ವ್ಯಾಘ್ರಾಜಿನದ ಮೇಲೆ ಕುಳಿತು ಉಪದೇಶ ಮಾಡಿದ ಗುರುಗಳ ಚಿತ್ರಪಟಗಳು ನಮ್ಮ ಸಭಾಮಂಟಪದಲ್ಲಿಯೂ ಇವೆ. (೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತರುವಾಯ ಅಂತಹ ಆಸನವು ಸಲ್ಲದೆಂಬುದನ್ನು ಪ್ರಸಂಗವಶಾತ್ ನೆನಪಿಸುತ್ತೇನೆ.) ಹುಲಿಯ ತೊಗಲಿಗೆ ಪಾವಿತ್ರ್ಯ, ಎಮ್ಮೆಯ ತೊಗಲಿಗೆ ಮೈಲಿಗೆ ಎಂಬ ವ್ಯವಸ್ಥೆಯು ಯಾವ ಶಾಸ್ತ್ರದಿಂದ ಬಂದಿತೋ ನಾನರಿಯೆ. ತೊಗಲಿನಲ್ಲಿ ವ್ಯತ್ಯಾಸವಿರಲಿಲ್ಲ; ಹದ ಮಾಡಿದವನ ಕೇರಿಯಲ್ಲಿ ವ್ಯತ್ಯಾಸವನ್ನು ಕಂಡರು.

ಇಲ್ಲಿ ಒಂದು ಕಹಿಯಾದ ಮಾತನ್ನು ಆಡಲೇಬೇಕಾಗಿದೆ. ಉತ್ಸವದ ಸಂಪುಟದಲ್ಲಿ ಇಂತಹ ಮಾತು ಬೇಡವೆಂದು ಕೆಲವರು ಹೇಳಬಹುದು; ಚರಿತ್ರೆಯನ್ನು ಬರೆಯೆಂದು ಅಪ್ಪಣೆಯಾದ ಮೇಲೆ ಬೇಕಾದುದನ್ನಷ್ಟೇ ಬರೆಯುವುದು ಗುರುದ್ರೋಹವಾದೀತು. ಕಲ್ಯಾಣದ ಅನಂತರದ ಶತಮಾನಗಳಲ್ಲಿ ಧೂಳಯ್ಯ ಕಕ್ಕಯ್ಯರ ವಚನಗಳನ್ನು ತಾಳೆಗರಿಯ ಕಟ್ಟುಗಳಲ್ಲಿ ಭದ್ರವಾಗಿ ಕಾಪಾಡಿದವರು ಮಠಗಳವರೇ. ಆ ಕಟ್ಟುಗಳಿಗೆ ವಿಭೂತಿ ಪತ್ರೆಗಳ ಪೂಜೆಯೂ ಸಲ್ಲುತ್ತಿದ್ದಿತು. ಆದರೆ ಅದೇ ಕಾಯಕವನ್ನು ಮಾಡುತ್ತಿದ್ದವರು ಅದೇ ವಚನಗಳನ್ನು ಕೇಳುವುದಕ್ಕೆ ಎಷ್ಟೋ ಮಠಗಳ ಹೊಸ್ತಿಲನ್ನು ದಾಟುವಂತಿರಲಿಲ್ಲ. ಹೆಸರು ಒಳಗೆ, ಮನುಷ್ಯನು ಹೊರಗೆ.

ನಾನೇ ಕಂಡುದನ್ನು ಹೇಳುತ್ತೇನೆ. ೧೯೮೦ರಿಂದ ಈಚೆಗೆ ಕೆಲವು ವರ್ಷ ನಾನು ಬಾಲಕನಾಗಿ ಒಂದು ಪಾಠಶಾಲೆಯಲ್ಲಿ ಓದುತ್ತಿದ್ದೆನು. ಅದರ ತೋಟಕ್ಕೆ ವಿದ್ಯುತ್ತಿನ ಪಂಪು ಇನ್ನೂ ಬಂದಿರಲಿಲ್ಲ. ಆ ಸೀಮೆಯ ಕಡೆಯ ಕಪಿಲೆಗಳಲ್ಲಿ ಒಂದು ಅಲ್ಲಿ ನಡೆಯುತ್ತಿದ್ದಿತು. ಚೀಲವನ್ನು ಹೊಲಿಯುತ್ತಿದ್ದ ವೃದ್ಧ ಸಮಗಾರನು ಬೇಲಿಯ ಹೊರಗೆ ಹುಣಿಸೆಯ ಮರದ ಕೆಳಗೆ ಕುಳಿತು ತೇಪೆ ಹಾಕಿ, ಚೀಲವನ್ನು ಬೇಲಿಯ ಮೇಲಿಂದ ಒಳಕ್ಕೆ ಕೊಡುತ್ತಿದ್ದನು. ನೀರು ಬಿದ್ದು ಚೀಲವು ಸೋರುವುದೋ ಇಲ್ಲವೋ ಎಂಬುದನ್ನು ಬೇಲಿಯಾಚೆಯಿಂದಲೇ ಕತ್ತು ಚಾಚಿ ನೋಡುತ್ತಿದ್ದನು. ಆ ನೀರಿನಿಂದ ಬೆಳೆದ ಕಣಿಗಿಲೆ ಮಲ್ಲಿಗೆಗಳನ್ನು ಪ್ರಾತಃಕಾಲದಲ್ಲಿ ನಾವು ಬಿಡಿಸಿ ಪೂಜೆಗೆ ತರುತ್ತಿದ್ದೆವು. ಒಮ್ಮೆ ನಾನು ಅವನಿಗೆ ಪ್ರಸಾದವನ್ನು ಕೈಗೆ ಕೈ ತಾಗುವಂತೆ ಕೊಟ್ಟೆನೆಂದು ಪಾಕಶಾಲೆಯ ಹಿರಿಯರೊಬ್ಬರು ನನ್ನನ್ನು ಬಾವಿಯ ಕಟ್ಟೆಯ ಮೇಲೆ ನಿಲ್ಲಿಸಿ ಸ್ನಾನ ಮಾಡಿಸಿದರು. ನನ್ನ ತಲೆಯ ಮೇಲೆ ಸುರಿದ ನೀರು ಆ ಚೀಲದಿಂದಲೇ ಬಂದುದಾಗಿದ್ದಿತು. ಅಂದು ನನಗೆ ಅಳು ಬಂದಿತು; ಹಾಗೇಕೆಂಬುದು ಮಾತ್ರ ಬಹು ವರ್ಷಗಳ ಅನಂತರ ಧೂಳಯ್ಯನವರ ವಚನಗಳಿಗೆ ಟಿಪ್ಪಣಿ ಬರೆಯುತ್ತಿರುವಾಗ ತಿಳಿಯಿತು.

ಅಸ್ತು. ಕಾಲವು ನಿಂತಿರಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆಲ್ಫ್ರೆಡ್ ಚಾಟರ್ಟನ್ ಎಂಬ ಅಧಿಕಾರಿಯು ಮದರಾಸಿನಲ್ಲಿ ಕ್ರೋಮ್ ಲವಣಗಳಿಂದ ತೊಗಲನ್ನು ಹದಮಾಡುವ ಪ್ರಯೋಗವನ್ನು ನಡೆಸಿದನು. ನೀರೆತ್ತುವ ಚೀಲಗಳು ಬೇಗನೆ ಕೊಳೆತುಹೋಗುವುದನ್ನು ತಪ್ಪಿಸಬೇಕೆಂಬುದು ಅವನ ಉದ್ದೇಶಗಳಲ್ಲಿ ಮುಖ್ಯವಾದುದು. ಮುಂದೆ ಅವನೇ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ಮುಖ್ಯಸ್ಥನಾಗಿಯೂ ಬಂದನು. ವಾರಗಟ್ಟಲೆ ಹಿಡಿಯುತ್ತಿದ್ದ ಹದವು ಈ ಕ್ರಮದಲ್ಲಿ ಸ್ವಲ್ಪ ಕಾಲದಲ್ಲಿಯೇ ಮುಗಿಯುತ್ತದೆ. ಆದರೆ ಕೆಲಸವು ಕೇರಿಯಿಂದ ಕಾರ್ಖಾನೆಗೆ ಹೋಯಿತು. ಹಸಿದೊಗಲು ವರ್ತಕರ ಪಾಲಾಯಿತು. ಎಣ್ಣೆಯ ಯಂತ್ರ, ವಿದ್ಯುತ್ತಿನ ಪಂಪು, ತಗಡಿನ ಡಬ್ಬಿ, ರಬ್ಬರು, ಪ್ಲಾಸ್ಟಿಕ್ಕುಗಳು ಒಂದೊಂದಾಗಿ ಬಂದು ಕಪಿಲೆ ಬುದ್ದಲಿ ಪಖಾಲಿಗಳನ್ನು ನುಂಗಿದವು. ಅತ್ತ ೧೯೨೩ರಲ್ಲಿ ಫ. ಗು. ಹಳಕಟ್ಟಿಯವರು ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಅಚ್ಚಿಗೆ ತಂದುದರಿಂದ, ಮಠಗಳ ಅಟ್ಟದ ಮೇಲಿದ್ದ ವಚನಗಳು ಅಕ್ಷರ ಬಲ್ಲ ಯಾರೇ ಆದರೂ ಕೊಂಡು ಓದಬಹುದಾದ ಗ್ರಂಥವಾದವು. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದ ೧೭ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ೨೦೧೯ರಲ್ಲಿ ಕೊಲ್ಲಾಪುರಿ ಪಾದರಕ್ಷೆಗೆ ಭೌಗೋಳಿಕ ಗುರುತು ದೊರೆತಾಗ, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು. ಅಥಣಿಯ ಕಡೆಯ ಸಮಗಾರ ಬಂಧುಗಳ ಕೈಕೆಲಸಕ್ಕೆ ಸಂದ ಮನ್ನಣೆಯಿದು.

ತೊಗಲ ಕೆಲಸದ ಕುಲದಲ್ಲಿ ಹುಟ್ಟದವರು ಆ ಕೆಲಸವನ್ನು ಮೆಚ್ಚಿ ಕಲಿತ ನಿದರ್ಶನವೂ ಹೊಸದಲ್ಲ. ದಕ್ಷಿಣ ಆಫ್ರಿಕೆಯಲ್ಲಿ ಗಾಂಧೀಜಿಯವರ ಮಿತ್ರ ಕ್ಯಾಲೆನ್‌ಬಾಕ್ ಎಂಬವರು ಮರಿಯನ್‌ಹಿಲ್ ಎಂಬಲ್ಲಿನ ಕ್ರೈಸ್ತ ಸಂನ್ಯಾಸಿಗಳ ಮಠದಲ್ಲಿ ಪಾದರಕ್ಷೆ ಮಾಡುವುದನ್ನು ಕಲಿತು ಬಂದರು. ೧೯೧೦ರಲ್ಲಿ ಸ್ಥಾಪನೆಯಾದ ಟಾಲ್‌ಸ್ಟಾಯ್ ಆಶ್ರಮದಲ್ಲಿ ಗಾಂಧೀಜಿಯವರು ಅವರಿಂದ ಆ ವಿದ್ಯೆಯನ್ನು ಕಲಿತು ಇತರರಿಗೂ ಕಲಿಸಿದರು. ತಮ್ಮನ್ನು ಸೆರೆಗೆ ಕಳುಹಿಸಿದ ಜನರಲ್ ಸ್ಮಟ್ಸನಿಗೆ ತಾವೇ ಮಾಡಿದ ಪಾದರಕ್ಷೆಗಳ ಜೋಡಿಯನ್ನು ೧೯೧೪ರಲ್ಲಿ ಕೊಟ್ಟರು. ಅವನು ಅದನ್ನು ೧೯೩೯ರಲ್ಲಿ ಗೌರವಪೂರ್ವಕವಾಗಿ ಹಿಂದಿರುಗಿಸಿದನು. ವರ್ತಕ ಕುಲದಲ್ಲಿ ಹುಟ್ಟಿದವರು ಒಂದು ಮಠದ ವಿದ್ಯೆಯಿಂದ ತೊಗಲನ್ನು ಮುಟ್ಟಿದರೆಂಬುದನ್ನು ಓದಿದಾಗ, ನಮ್ಮ ಮಠಗಳು ಕಲಿಸಿದ ವಿದ್ಯೆಗಳ ಪಟ್ಟಿಯನ್ನು ನಾನು ಮನಸ್ಸಿನಲ್ಲಿಯೇ ಒಮ್ಮೆ ತಿರುವಿ ಹಾಕಿದೆನು.

ಈಗ ನಮ್ಮ ತರುಣನ ಸಂಚಿಗೆ ಬರೋಣ. ಅವನನ್ನು ಕೂರಿಸಿಕೊಂಡು ಅವನ ಕ್ರಮವನ್ನೆಲ್ಲ ಕೇಳಿ ತಿಳಿದುಕೊಂಡೆನು. ಚಕ್ಕೆಯಲ್ಲಿ ಹದವಾದ ತೊಗಲನ್ನೇ ಅವನು ಕೊಳ್ಳುವನು; ಏಕೆಂದರೆ ಅದು ಕೈ ತಾಗಿದಂತೆಲ್ಲ ಬಣ್ಣ ಗಾಢವಾಗಿ ಕಾಂತಿಯನ್ನು ಪಡೆಯುತ್ತದೆ. ಹಲ್ಲುಗಳುಳ್ಳ ಕಬ್ಬಿಣದ ಮುಳ್ಳಿನಿಂದ ಸಮನಾದ ಅಂತರದಲ್ಲಿ ಗುರುತು ಹಾಕಿ, ಉಳಿಯಿಂದ ತೂತು ಕೊರೆದು, ಜೇನುಮೇಣ ಸವರಿದ ಒಂದೇ ದಾರದ ಎರಡು ತುದಿಗಳಿಗೆ ಎರಡು ಸೂಜಿಗಳನ್ನು ಪೋಣಿಸಿ, ಪ್ರತಿಯೊಂದು ತೂತಿನಲ್ಲಿಯೂ ಎರಡನ್ನೂ ಎದುರುಬದುರಾಗಿ ಹಾಯಿಸಿ ಬಿಗಿಯುವನು. ಯಂತ್ರದ ಹೊಲಿಗೆಯಲ್ಲಿ ಒಂದು ಕಡೆ ದಾರ ಹರಿದರೆ ಸಾಲೇ ಬಿಚ್ಚುತ್ತ ಹೋಗುತ್ತದೆ. ಇದರಲ್ಲಿ ಒಂದು ಹೊಲಿಗೆ ಹೋದರೂ ಉಳಿದವು ನಿಲ್ಲುತ್ತವೆ. ಕಡೆಯಲ್ಲಿ ಅಂಚನ್ನು ಮರದ ತುಂಡಿನಿಂದ ಉಜ್ಜಿ ನುಣುಪು ಮಾಡುವನು. ಈ ಸಣ್ಣ ಸಂಚಿಗೆ ಅವನಿಗೆ ಎರಡು ಭಾನುವಾರಗಳು ಹಿಡಿದವಂತೆ. ಯಾರಿಂದ ಕಲಿತೆಯೆಂದು ಕೇಳಿದೆನು. ಪರದೇಶದವರು ಮಾಡಿ ತೋರಿಸಿದ ಚಲಚ್ಚಿತ್ರಗಳನ್ನು ನೋಡಿ ಕಲಿತೆನೆಂದನು. ತನ್ನ ಸ್ವಂತ ಊರಿನ ಸಮಗಾರರ ಕೇರಿಗೆ ಅವನು ಎಂದೂ ಹೋಗಿರಲಿಲ್ಲ.

ಇದು ಕಾಯಕವೋ ಎಂದು ಅವನು ನನ್ನನ್ನು ಕೇಳಿದನು. ಅಲ್ಲವೆಂದೆನು. ಕಾಯಕವು ಹೊಟ್ಟೆಯನ್ನು ಹೊರೆಯುವುದು, ಹೊರೆದು ಮಿಕ್ಕುದನ್ನು ದಾಸೋಹಕ್ಕೆ ಸಲ್ಲಿಸುವುದು; ಬಿಟ್ಟರೆ ಉಪವಾಸವಿರಬೇಕಾದುದು. ಇವನು ನಾಳೆಯೇ ಉಳಿಯನ್ನು ಮೂಲೆಗೆಸೆದರೂ ಇವನ ಮನೆಯ ಒಲೆ ಉರಿಯುತ್ತದೆ. ಇದು ವಿನೋದ. ವಿನೋದಕ್ಕಾಗಿ ತೊಗಲು ಹೊಲಿದವನನ್ನು ಮಿತ್ರರು ಕೊಂಡಾಡಿದರು. ಬಾಳಿಗಾಗಿ ಹೊಲಿದವನು ಹುಣಿಸೆಯ ಮರದ ಕೆಳಗೇ ಉಳಿದನು. ಈ ಮಾತನ್ನು ನಾನು ಅವನ ಮನಸ್ಸು ನೋಯಬೇಕೆಂದು ಹೇಳಲಿಲ್ಲ; ಅವನೂ ನೊಂದುಕೊಳ್ಳಲಿಲ್ಲ. ಸುಮ್ಮನೆ ಕುಳಿತಿದ್ದು, ಆ ವೃದ್ಧನು ಈಗ ಇರುವನೇ ಎಂದು ಕೇಳಿದನು.

ವೃದ್ಧನು ತೀರಿಕೊಂಡು ಬಹಳ ಕಾಲವಾಗಿತ್ತು. ಅವನ ಮಗನು, ನನಗಿಂತ ಸ್ವಲ್ಪ ಹಿರಿಯನು, ಅದೇ ಊರಿನ ಮೋಟಾರು ನಿಲ್ದಾಣದ ಬಳಿ ಕುಳಿತು ಚಪ್ಪಲಿಗಳನ್ನೂ ಶಾಲಾಬಾಲಕರ ಚೀಲಗಳನ್ನೂ ರಿಪೇರಿ ಮಾಡುತ್ತಾನೆ. ಶ್ರೀಗಳವರ ಅಪ್ಪಣೆಯನ್ನು ಪಡೆದು, ಸಂಚಿಯನ್ನು ತೆಗೆದುಕೊಂಡು, ತರುಣನೊಡನೆ ನಾನು ಅಲ್ಲಿಗೆ ಹೋದೆನು. ಅವನ ಹಿಂದಿನ ಗೋಡೆಯ ಮೇಲೆ ಹರಳಯ್ಯನವರ ಪಟವಿದ್ದಿತು. ಅವನು ಸಂಚಿಯನ್ನು ಕೈಗೆ ತೆಗೆದುಕೊಂಡು ಮೊದಲು ಮೂಸಿ ನೋಡಿದನು. ಅನಂತರ ಬೆರಳಿನಿಂದ ಹೊಲಿಗೆಯ ಸಾಲನ್ನು ಸವರಿ, ಬಾಯಿಯ ಬಳಿ ಮಡಿಚಿ ನೋಡಿ, ಚಕ್ಕೆಯ ತೊಗಲು ಒಳ್ಳೆಯದೆಂದೂ ಹೊಲಿಗೆ ನೇರವಾಗಿದೆಯೆಂದೂ ಹೇಳಿದನು. ಆದರೆ ಮುಚ್ಚಳದ ಬಾರನ್ನು ಸೇರಿಸಿದ ಕಡೆ ತೂತುಗಳು ಅಂಚಿಗೆ ತೀರ ಸಮೀಪವಾಗಿವೆ, ವರ್ಷದೊಳಗೆ ಅಲ್ಲಿ ಕಿತ್ತುಬರುತ್ತದೆ ಎಂದನು. ಕೇಳದೆಯೇ ಎರಡು ಹೊಲಿಗೆಗಳನ್ನು ಬಿಚ್ಚಿ, ಒಳಗಿನಿಂದ ಉಗುರಗಲದ ತುಂಡೊಂದನ್ನು ಕೊಟ್ಟು, ತನ್ನ ಕೊಕ್ಕೆಯುಳಿಯಿಂದ ಮತ್ತೆ ಹೊಲಿದನು. ಅಷ್ಟು ಕೆಲಸವು ನಾನೊಂದು ವೀಳ್ಯವನ್ನು ಮಡಿಚುವುದರೊಳಗೆ ಮುಗಿಯಿತು. ತರುಣನು ಉಳಿಯ ತುದಿಯ ಕೊಕ್ಕೆಯನ್ನು ಬಹಳ ಹೊತ್ತು ನೋಡುತ್ತಿದ್ದು, ಇನ್ನೊಮ್ಮೆ ಮಾಡಿ ತೋರಿಸಬೇಕೆಂದು ಕೇಳಿಕೊಂಡನು. ಮುಂದಿನ ಭಾನುವಾರ ಬರಬೇಕೆಂದು ಅವನು ಹೇಳಿ, ಕೂಲಿ ಇಪ್ಪತ್ತು ರೂಪಾಯಿಗಳನ್ನು ಕೇಳಿ ತೆಗೆದುಕೊಂಡನು.

ಸಂಚಿಯು ಈಗ ಶ್ರೀಮಠದಲ್ಲಿದೆ. ಗ್ರಂಥಭಂಡಾರದ ಬೀಗದ ಕೈಗಳನ್ನು ಅದರಲ್ಲಿಡಬೇಕೆಂದು ಶ್ರೀಗಳವರು ಅಪ್ಪಣೆ ಕೊಡಿಸಿದ್ದಾರೆ. ಧೂಳಯ್ಯನವರ ವಚನಗಳ ತಾಳೆಗರಿಯ ಕಟ್ಟಿರುವ ಕಪಾಟಿನ ಬೀಗದ ಕೈಯೂ ಅದರಲ್ಲಿಯೇ ಇದೆ.